ಮಣ್ಣು ಜಾಲಿಸಿದವರ ಚಿನ್ನ

1802ರಲ್ಲಿ ಮೈಸೂರು ಸೀಮೆಯ ಪೂರ್ವದ ಗಡಿ ಅಳೆಯಲು ಬಂದಿದ್ದ ಲೆಫ್ಟಿನೆಂಟ್ ಜಾನ್ ವಾರೆನ್‌ನ ಕಿವಿಗೆ, ಕೋಲಾರದ ಕಡೆ ನೆಲದಲ್ಲಿ ಚಿನ್ನ ಸಿಗುತ್ತದೆಂಬ ಸುದ್ದಿ ಬಿತ್ತು. ತೋರಿಸಿಕೊಟ್ಟವರಿಗೆ ಇನಾಮು ಕೊಡುವುದಾಗಿ ಆತ ಸಾರಿದ. ಊರಿಗಾಂ ಹಳ್ಳಿಯವರು ಮಣ್ಣು ತಂದು ಅವನೆದುರೇ ತೊಳೆದರು. ತಳದಲ್ಲಿ ಹಳದಿ ಪುಡಿ ನಿಂತಿತು. ಆ ರೀತಿ ತೊಳೆದರೆ ಸುಮಾರು 56 ಕಿಲೋ ಮಣ್ಣಿಗೆ ಒಂದು ಗ್ರೇನ್, ಎಂದರೆ 65 ಮಿಲಿಗ್ರಾಂ ಚಿನ್ನ ದಕ್ಕುತ್ತಿತ್ತು.

ಹತ್ತಿರದ ಮಾರಿಕುಪ್ಪಂನಲ್ಲಿ ವಾರೆನ್ ಕಂಡದ್ದು ಇನ್ನೂ ದೊಡ್ಡದು. ಅಲ್ಲಿ ನೆಲದ ಮೇಲಿನ ಮಣ್ಣಿಗಷ್ಟೇ ಜನ ನಿಂತಿರಲಿಲ್ಲ, ಬಂಡೆಯೊಳಗೇ ಇಳಿದಿದ್ದರು. ಹೀಗೆ ಇಳಿಯುತ್ತಿದ್ದವರು ಇಂದು ನಾವು ದಲಿತರೆನ್ನುವ ಸಮುದಾಯದವರು. ಗಂಡಸರು ಗುಂಡಿಯ ಆಳದಲ್ಲಿ ಕಲ್ಲು ಒಡೆಯುವರು. ಬುಟ್ಟಿಗಳು ಕೈಯಿಂದ ಕೈಗೆ ದಾಟುತ್ತ ಮೇಲೆ ಬರುವವು. ಹೆಂಗಸರು ಆ ಕಲ್ಲನ್ನು ಚಪ್ಪಡಿಯ ಮೇಲೆ ಕುಟ್ಟಿ ಹಿಟ್ಟು ಮಾಡಿ, ನೀರಿನಲ್ಲಿ ತೊಳೆದು ಚಿನ್ನ ಬೇರ್ಪಡಿಸುವರು. ಪಂಪಿಲ್ಲ, ಮದ್ದಿಲ್ಲ. ಎಲ್ಲವೂ ರಟ್ಟೆಯ ಬಲ.

ಆದರೂ ಅದನ್ನು ಒರಟು ಕೆಲಸ ಎಂದು ತಳ್ಳಿಹಾಕುವುದು ತಪ್ಪು. ಚಿನ್ನ ನೀರಿಗಿಂತ 19 ಪಟ್ಟು ಭಾರ, ಬೆಣಚುಕಲ್ಲು ಎರಡೂವರೆ ಪಟ್ಟಿಗಿಂತ ತುಸು ಹೆಚ್ಚು. ಅಕ್ಕಿ ಜಾಲಿಸುವಾಗ ಕಲ್ಲು ಹಿಂದುಳಿಯುವಂತೆ, ಹಲಗೆಯ ಮೇಲೆ ನೀರು ಆಡಿಸಿದಾಗ ಮರಳು ಹರಿದುಹೋಗಿ ಚಿನ್ನ ಉಳಿಯುತ್ತದೆ. ಆದರೆ ಎಷ್ಟು ನೀರು, ಎಷ್ಟು ವಾಲು, ಮಣಿಕಟ್ಟಿನ ಎಂಥ ತಿರುವು ಎಂಬುದು ಪಳಗಿದ ಕೈಗಷ್ಟೇ ಗೊತ್ತು. ಹಿಟ್ಟಿನಷ್ಟು ನುಣುಪಾದ ಚಿನ್ನ ನೀರಿನೊಂದಿಗೇ ಹೋಗಿಬಿಡುತ್ತದೆ. ಅದನ್ನು ಹಿಡಿಯಲು ಜಗತ್ತಿನ ಹಲವೆಡೆ ಸಣ್ಣ ಗಣಿಗಾರರು ಇಂದಿಗೂ ಪಾದರಸ ಬೆರೆಸುತ್ತಾರೆ. ಆಮೇಲೆ ಅದನ್ನು ಕಾಯಿಸುವಾಗ ಏಳುವ ಹಬೆ ಅವರ ನರಮಂಡಲವನ್ನೇ ಹಾಳುಮಾಡುತ್ತದೆ.

ಗದಗಿನ ಕಪ್ಪತಗುಡ್ಡದಲ್ಲಿ ಇದೇ ಕಸುಬಿನವರು ಜಾಲಗಾರರು. ಮಳೆ ಸುರಿದು ಹಳ್ಳ ಇಳಿದ ಮೇಲೆ ಸೊರಟೂರು, ದೋಣಿ ಊರುಗಳ ಸುತ್ತಿನ ಮರಳನ್ನು ಅವರು ಮರದ ಮರಿಗೆಗಳಲ್ಲಿ ತೊಳೆಯುತ್ತಿದ್ದರು. ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ 1874ರಲ್ಲಿ ಡಂಬಳದ ಈ ಗುಡ್ಡಗಳ ಚಿನ್ನದ ಬಗ್ಗೆ ಬರೆದಾಗ ಅವರ ಕೆಲಸವನ್ನೂ ದಾಖಲಿಸಿದ.

ರಾಯಚೂರು ಜಿಲ್ಲೆಯ ಹಟ್ಟಿಯದು ಇನ್ನೂ ಹಳೆಯ ಕಥೆ. ಅಲ್ಲಿನ ಪುರಾತನ ಅಗೆತ 640 ಅಡಿ ಆಳಕ್ಕೆ ಹೋಗಿತ್ತು. ಒಳಗೆ ಸಿಕ್ಕ ಮರದ ತುಂಡಿನ ಇಂಗಾಲ ಪರೀಕ್ಷೆ ಅದನ್ನು ಸುಮಾರು 1,900 ವರ್ಷ ಹಿಂದಕ್ಕೆ ಒಯ್ಯುತ್ತದೆ. ಬಂಡೆಗೆ ಬೆಂಕಿ ಹಾಕಿ, ಬಿಸಿಗೆ ಬಿರಿದ ಕಲ್ಲನ್ನು ಕಿತ್ತು ತೆಗೆಯುತ್ತಿದ್ದರು. ಅಷ್ಟು ಆಳದಲ್ಲಿ, ಆ ಹೊಗೆಯಲ್ಲಿ ಉಸಿರಾಡುತ್ತಿದ್ದವರ ಧೈರ್ಯವನ್ನು ನೆನೆದರೆ ಮೈ ಜುಮ್ಮೆನ್ನುತ್ತದೆ. ಅದಿರು ಕುಟ್ಟಿ ಕುಟ್ಟಿ ಬಂಡೆಗಳಲ್ಲಿ ಬಿದ್ದ ಒರಳುಗುಳಿಗಳೇ ಅವರು ಬಿಟ್ಟುಹೋದ ಗುರುತು.

ಕೋಲಾರದಲ್ಲಿ ಅಪಘಾತಗಳ ಕಾರಣಕ್ಕೆ ಸರ್ಕಾರ 1859ರಲ್ಲಿ ನೆಲದಡಿಯ ಅಗೆತವನ್ನೇ ನಿಷೇಧಿಸಿತು. ವಾರೆನ್‌ನ ವರದಿ ಓದಿ ಬಂದ ಮೈಕೆಲ್ ಲವೆಲ್‌ಗೆ 1870ರ ದಶಕದಲ್ಲಿ ಗಣಿಯ ಹಕ್ಕು ದೊರೆಯಿತು. 1880ರಲ್ಲಿ ಜಾನ್ ಟೇಲರ್ ಕಂಪನಿ ಕಾಲಿಟ್ಟಿತು. ಬಂಡವಾಳ ಕರಗುತ್ತ ಬಂದಾಗ ಕಂಪನಿಯ ಕ್ಯಾಪ್ಟನ್ ಪ್ಲಮ್ಮರ್ ಹಳೆಯ ಗುಂಡಿಗಳ ಜಾಡು ಹಿಡಿದು ಇಳಿದ; ಅಲ್ಲೇ ಚಾಂಪಿಯನ್ ಎಂಬ ಚಿನ್ನದ ಪದರ ಸಿಕ್ಕಿತು. ಮುಂದೆ ಮೂರು ಕಿಲೋಮೀಟರಿಗೂ ಆಳಕ್ಕೆ ಹೋದ ಗಣಿಗೆ ದಾರಿ ತೋರಿದ್ದು ಹೆಸರಿಲ್ಲದ ಆ ಕೈಗಳೇ.

ಕೋಲಾರದ ಈ ಚಿನ್ನದ ಗಣಿ, ಕೆಜಿಎಫ್, 2001ರ ಫೆಬ್ರವರಿ 28ರಂದು ಮುಚ್ಚಿತು. ಹಟ್ಟಿ ಗಣಿ ಇನ್ನೂ ನಡೆಯುತ್ತಿದೆ. ಅದರ ಆಸುಪಾಸಿನ ಒರಳುಗುಳಿಗಳನ್ನು, ಕಪ್ಪತಗುಡ್ಡದ ಹಳೆಯ ಅಗೆತಗಳನ್ನು ಗುರುತಿಸಿ, ನಕ್ಷೆ ಮಾಡಿ, ದೇಗುಲ ಶಾಸನಗಳಿಗೆ ಕೊಡುವ ರಕ್ಷಣೆಯನ್ನೇ ಅವುಗಳಿಗೂ ಕೊಡಬೇಕು.