ಶಿರಾದಿಂದ ಗಂಜಾಂಗೆ ಹೋದವರು

ಶಿರಾ ಎಂದರೆ ಈಗ ಬೆಂಗಳೂರು–ಪುಣೆ ಹೆದ್ದಾರಿಯಲ್ಲಿ ಸಿಗುವ ಒಂದು ತಾಲ್ಲೂಕು ಕೇಂದ್ರ. ಆದರೆ ಮುನ್ನೂರು ವರ್ಷಗಳ ಹಿಂದೆ ಅದು ಮೊಘಲರ ಒಂದು ಪ್ರಾಂತ್ಯದ ರಾಜಧಾನಿ. ಪೆನುಕೊಂಡ, ದೊಡ್ಡಬಳ್ಳಾಪುರ, ಹೊಸಕೋಟೆ, ಕೋಲಾರ, ಬೂದಿಹಾಳ, ಬಸವಾಪಟ್ಟಣಗಳ ಪರಗಣೆಗಳೆಲ್ಲ ಶಿರಾದ ಸುಬೇದಾರನಿಗೆ ಲೆಕ್ಕ ಒಪ್ಪಿಸಬೇಕಿತ್ತು.

ಕೋಟೆಗೆ ಬುನಾದಿ ಹಾಕಿದವನು ರತ್ನಗಿರಿಯ ರಂಗಪ್ಪ ನಾಯಕ. 1638ರಲ್ಲಿ ಬಿಜಾಪುರದ ರಣದುಲ್ಲಾ ಖಾನ್ ಅದನ್ನು ಗೆದ್ದ. ಆಡಳಿತ ನೋಡಿಕೊಂಡ ಮಲಿಕ್ ರಿಹಾನ್‌ನ ಗೋರಿ ಊರಿನಲ್ಲಿ ಇಂದಿಗೂ ಇದೆ. 1687ರಲ್ಲಿ ಔರಂಗಜೇಬನ ಸೇನೆ ಬಂತು. ಕಲ್ಲಿನ ಜುಮ್ಮಾ ಮಸೀದಿ 1696ರದ್ದು. ದಿಲಾವರ್ ಖಾನನ ಕಾಲಕ್ಕೆ ಊರು ತನ್ನ ಉತ್ತುಂಗ ಮುಟ್ಟಿತು. ಆಗ ಐವತ್ತು ಸಾವಿರ ಮನೆಗಳಿದ್ದವು ಎಂಬ ಮಾತನ್ನು ಲೂಯಿಸ್ ರೈಸ್ ತಮ್ಮ ಮೈಸೂರು ಗೆಜೆಟಿಯರಿನಲ್ಲಿ ಬರೆದಿದ್ದಾರೆ. ಸಂಖ್ಯೆ ಉತ್ಪ್ರೇಕ್ಷೆಯೇ ಇರಬಹುದು, ವೈಭವದ ನೆನಪಂತೂ ಸುಳ್ಳಲ್ಲ. ಬೆಂಗಳೂರು, ಶ್ರೀರಂಗಪಟ್ಟಣಗಳ ಅರಮನೆಗಳಿಗೆ ದಿಲಾವರ್ ಖಾನನ ಅರಮನೆಯೇ ಮಾದರಿಯಾಯಿತು ಎನ್ನುತ್ತಾರೆ. ಇಲ್ಲಿನ ತೋಟವನ್ನು ನೋಡಿಯೇ ಹೈದರಾಲಿ ಲಾಲ್‌ಬಾಗ್ ಮಾಡಿಸಿದ ಎಂಬ ಮಾತೂ ಇದೆ.

1761ರಲ್ಲಿ ಬಸಾಲತ್ ಜಂಗ್ ಹೈದರನಿಗೆ ಶಿರಾದ ನವಾಬಗಿರಿ ಕೊಟ್ಟ. 1766ರಲ್ಲಿ ಮರಾಠರು ಊರನ್ನು ಹಿಡಿದರು, 1774ರಲ್ಲಿ ಟಿಪ್ಪು ಮರಳಿ ಗೆದ್ದ. ಈ ಗೆಲುವು ಸೋಲುಗಳ ನಡುವೆ ಹೋದದ್ದು ಅರಮನೆಯ ನಕ್ಷೆ, ತೋಟದ ವಿನ್ಯಾಸ ಮಾತ್ರವಲ್ಲ. ಶ್ರೀರಂಗಪಟ್ಟಣದ ಪಕ್ಕದಲ್ಲಿ ಹೊಸದಾಗಿ ಕಟ್ಟಿದ ಶಹರ್ ಗಂಜಾಂ ಪೇಟೆಯನ್ನು ತುಂಬಿಸಲು ಇಲ್ಲಿಂದ ಹನ್ನೆರಡು ಸಾವಿರ ಕುಟುಂಬಗಳನ್ನು ಬಲವಂತವಾಗಿ ಎಬ್ಬಿಸಿಕೊಂಡು ಹೋದರು ಎಂದು ಅದೇ ಗೆಜೆಟಿಯರ್ ಹೇಳುತ್ತದೆ.

ಜಗತ್ತಿನಲ್ಲಿ ಇಂಥ ಊರುಗಳು ಬೇರೆಯೂ ಇವೆ. ತತ್ವಜ್ಞಾನಿ ಕಾಂಟ್ ಬದುಕಿದ್ದ ಪೂರ್ವ ಪ್ರಷ್ಯಾದ ಕೋನಿಗ್ಸ್‌ಬರ್ಗ್, ಎರಡನೇ ಮಹಾಯುದ್ಧದ ನಂತರ ಸೋವಿಯತ್ ಪಾಲಾಗಿ 1946ರಲ್ಲಿ ಕಲಿನಿನ್‌ಗ್ರಾಡ್ ಆಯಿತು. ಅಲ್ಲಿದ್ದ ಜರ್ಮನರನ್ನು ಹೊರಗೆ ಕಳಿಸಲಾಯಿತು. ಆ ಊರಿನ ಹೆಸರೂ ಹೋಯಿತು, ಜನರೂ ಹೋದರು. ಶಿರಾದ ಹೆಸರು ಉಳಿಯಿತು. ಬಹುಶಃ ಅದಕ್ಕೇ ಜನ ಹೋದದ್ದು ನಮಗೆ ಅಷ್ಟಾಗಿ ಕಾಣಿಸಲಿಲ್ಲ.

ಊರಿನ ಚರಿತ್ರೆ ಬರೆಯುವಾಗ ನಾವು 'ಪ್ರಮುಖ ವ್ಯಕ್ತಿಗಳು' ಎಂದು ಒಂದು ಪಟ್ಟಿ ಮಾಡುತ್ತೇವೆ. ಸಂಶೋಧನಾ ವಿದ್ಯಾರ್ಥಿಯಾಗಿ ನಾನೂ ಅಂಥ ಪಟ್ಟಿಗಳನ್ನೇ ಓದಿ ಬೆಳೆದವನು. ರಂಗಪ್ಪ ನಾಯಕನಿಂದ ಹಿಡಿದು ನಮ್ಮ ಕಾಲದ ಬರಗೂರು ರಾಮಚಂದ್ರಪ್ಪನವರವರೆಗೆ ಶಿರಾ ಸೀಮೆಗೆ ಹೆಸರುಗಳ ಕೊರತೆಯಿಲ್ಲ. ಪಕ್ಕದ ಮಧುಗಿರಿ ಬೆಟ್ಟದಲ್ಲಿ ಹೈದರ್ ಸೆರೆಯಿಟ್ಟ ಬಿದನೂರಿನ ರಾಣಿ ವೀರಮ್ಮಾಜಿಯ ಹೆಸರೂ ನಮಗೆ ಗೊತ್ತು. ಗಂಜಾಂಗೆ ಹೋದವರ ಬಗ್ಗೆ ಗೆಜೆಟಿಯರಿನಲ್ಲಿರುವುದು ಒಂದು ಸಾಲು, ಒಂದು ಸಂಖ್ಯೆ. ಆದರೆ ಸುಬೇದಾರನ ಬೊಕ್ಕಸ ತುಂಬಿಸಿದವರು ಅವರೇ. ಆಮೇಲೆ ಶ್ರೀರಂಗಪಟ್ಟಣದ ಪೇಟೆ ತುಂಬಿಸಿದವರೂ ಅವರೇ. ಹಾಗಾಗಿ ಶಿರಾದ ಚರಿತ್ರೆ ಶಿರಾದ ಕೋಟೆಯೊಳಗೇ ಮುಗಿಯುವುದಿಲ್ಲ, ಅದರ ಅರ್ಧ ಭಾಗ ಕಾವೇರಿ ದಂಡೆಯಲ್ಲಿದೆ.