ಮಾತ್ರೆ ತಪ್ಪಿದ್ದು ಯಾರ ತಪ್ಪು? ಎಚ್‌ಐವಿ ಚಿಕಿತ್ಸೆಯ ಕಥೆ

ಡಾಕ್ಟರು ಏಳು ದಿನಕ್ಕೆ ಬರೆದುಕೊಟ್ಟ ಮಾತ್ರೆಯನ್ನ ನಮ್ಮಲ್ಲಿ ಎಷ್ಟೋ ಜನ ನಾಲ್ಕನೇ ದಿನಕ್ಕೇ ಬಿಟ್ಟುಬಿಡ್ತೀವಿ. ಜ್ವರ ಹೋಯ್ತಲ್ಲ, ಇನ್ಯಾಕೆ ಅಂತ. ಎಚ್‌ಐವಿ ಇರುವವರಿಗೆ ಆ ಅವಕಾಶ ಇಲ್ಲ. ಮೈಯಲ್ಲಿ ಯಾವ ತೊಂದರೆ ಕಾಣದಿದ್ದರೂ ಜೀವನಪೂರ್ತಿ, ದಿನಾ ಮಾತ್ರೆ ನುಂಗಬೇಕು. ಅವರು ಬಿಟ್ಟರೆ ಮಾತ್ರ 'ಜವಾಬ್ದಾರಿ ಇಲ್ಲ' ಅಂದುಬಿಡ್ತೀವಿ. ಆದರೆ ಈ ಔಷಧಿಗಳ ಇತಿಹಾಸ ನೋಡಿದರೆ ಬೇರೆಯೇ ಉತ್ತರ ಸಿಗುತ್ತೆ.

1987ರಲ್ಲಿ ಅಮೆರಿಕದಲ್ಲಿ ಮೊದಲ ಔಷಧಿ ಎಜೆಡ್‌ಟಿಗೆ ಒಪ್ಪಿಗೆ ಸಿಕ್ಕಿತು. ನಾಲ್ಕು ಗಂಟೆಗೊಮ್ಮೆ ತಗೋಬೇಕಿತ್ತು. ಅಂದ್ರೆ ಮಧ್ಯರಾತ್ರಿಯೂ ಅಲಾರಂ ಇಟ್ಟು ಏಳಬೇಕು. ಜೊತೆಗೆ ವಾಕರಿಕೆ, ರಕ್ತಹೀನತೆ. 1996ರ ಹೊತ್ತಿಗೆ ಮೂರು ಔಷಧಿ ಸೇರಿಸಿ ಕೊಡುವ ಚಿಕಿತ್ಸೆ ಬಂತು. ಶ್ರೀಮಂತ ದೇಶಗಳಲ್ಲಿ ಸಾವು ಗಣನೀಯವಾಗಿ ಇಳಿಯಿತು. ಆದರೆ ಅದರಲ್ಲಿ ಒಂದಾದ ಇಂಡಿನಾವಿರ್ ಅನ್ನು ಎಂಟು ಗಂಟೆಗೊಮ್ಮೆ, ಖಾಲಿ ಹೊಟ್ಟೆಯಲ್ಲಿ ನುಂಗಬೇಕು. ನೀರು ಕಡಿಮೆ ಕುಡಿದರೆ ಕಿಡ್ನಿಯಲ್ಲಿ ಕಲ್ಲಾಗುವ ಭಯ. ಊಟ, ನಿದ್ದೆ, ಕೆಲಸ ಎಲ್ಲವೂ ಮಾತ್ರೆಯ ಟೈಮಿಗೆ ಹೊಂದಬೇಕಿತ್ತು.

ಬಡ ದೇಶಗಳಿಗೆ ಅದೂ ಇರಲಿಲ್ಲ. ಒಬ್ಬರಿಗೆ ವರ್ಷಕ್ಕೆ ಹತ್ತು ಸಾವಿರ ಡಾಲರ್‌ಗೂ ಹೆಚ್ಚು ಖರ್ಚು. 2001ರ ಫೆಬ್ರುವರಿಯಲ್ಲಿ ಮುಂಬೈನ ಸಿಪ್ಲಾ ಕಂಪನಿಯ ಯೂಸುಫ್ ಹಮೀದ್ ಇದೇ ಬಗೆಯ ಚಿಕಿತ್ಸೆಯನ್ನ ವರ್ಷಕ್ಕೆ 350 ಡಾಲರ್‌ಗೆ ಕೊಡ್ತೀವಿ ಅಂದರು. ಅದೇ ವರ್ಷ ಅಮೆರಿಕದ ನೆರವು ಸಂಸ್ಥೆ ಯುಎಸ್‌ಏಡ್‌ನ ಮುಖ್ಯಸ್ಥ ಆಂಡ್ರ್ಯೂ ನಾಟ್ಸಿಯೋಸ್ ಎತ್ತಿದ ಆಕ್ಷೇಪ ಏನು ಗೊತ್ತಾ? ಆಫ್ರಿಕಾದ ಎಷ್ಟೋ ಜನಕ್ಕೆ ಗಡಿಯಾರದ ಸಮಯವೇ ಗೊತ್ತಿಲ್ಲ, ಹೊತ್ತಿಗೆ ಸರಿಯಾಗಿ ಮಾತ್ರೆ ಹೇಗೆ ತಗೋತಾರೆ ಅಂತ!

2006ರಲ್ಲಿ 'ಜಾಮಾ' ವೈದ್ಯಕೀಯ ಪತ್ರಿಕೆಯಲ್ಲಿ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿದ ಲೆಕ್ಕ ಬಂತು. ಮಾತ್ರೆಯನ್ನ ಸರಿಯಾಗಿ ತಗೋತಿದ್ದವರು ಆಫ್ರಿಕಾದಲ್ಲಿ ಶೇ 77, ಉತ್ತರ ಅಮೆರಿಕದಲ್ಲಿ ಶೇ 55. ಗಡಿಯಾರ ಗೊತ್ತಿಲ್ಲ ಅನ್ನಿಸಿಕೊಂಡವರೇ ಮುಂದಿದ್ದರು.

ಈಗ ನಮ್ಮ ಕಡೆ ಬರೋಣ. ಭಾರತದಲ್ಲಿ ಎಚ್‌ಐವಿ ಮೊದಲು ಪತ್ತೆಯಾದದ್ದು 1986ರಲ್ಲಿ, ಚೆನ್ನೈನಲ್ಲಿ. ಸರ್ಕಾರದ ಉಚಿತ ಚಿಕಿತ್ಸೆ ಶುರುವಾಗೋಕೆ 2004ರ ಏಪ್ರಿಲ್ 1ರವರೆಗೆ ಕಾಯಬೇಕಾಯ್ತು. ಮೊದಲು ಆಯ್ಕೆಯಾದ, ಸೋಂಕು ಹೆಚ್ಚಿದ್ದ ಆರು ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ಆಗ ಹೆಚ್ಚು ಬಳಕೆಯಲ್ಲಿದ್ದ ಸ್ಟಾವುಡಿನ್ ಅಗ್ಗ, ಜೀವ ಉಳಿಸಿತು ನಿಜ. ಆದರೆ ಅದನ್ನ ತಗೊಂಡ ಎಷ್ಟೋ ಜನರಿಗೆ ಪಾದ ಉರಿಯೋದು, ಕೆನ್ನೆ ಗುಳಿ ಬೀಳೋದು ಶುರುವಾಯ್ತು. ಯಾರಿಗೂ ಹೇಳದೆ ಮುಚ್ಚಿಟ್ಟಿದ್ದನ್ನ ಮುಖವೇ ಹೇಳಿಬಿಡುತ್ತಿತ್ತು. 2009ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯೇ ಇದನ್ನ ಹಂತಹಂತವಾಗಿ ಕೈಬಿಡಿ ಅಂತ ಹೇಳಿತು.

ಇವತ್ತು ಬಹುಪಾಲು ಜನರಿಗೆ ದಿನಕ್ಕೆ ಒಂದೇ ಮಾತ್ರೆ ಸಾಕು, ತೊಂದರೆಗಳೂ ಕಡಿಮೆ. ಆದರೂ ತಪ್ಪುತ್ತೆ. ಯಾಕೆ? ಉಳಿದ ಕಾರಣಗಳು ಮಾತ್ರೆಯ ಒಳಗಿಲ್ಲ, ಹೊರಗಿವೆ. ಅತ್ತೆ-ಮಾವ, ನಾದಿನಿ ಇರುವ ಮನೆಯಲ್ಲಿ ಡಬ್ಬಿ ಎಲ್ಲಿಡೋದು? ಪರಿಚಯದವರು ನೋಡಿಬಿಟ್ಟಾರು ಅಂತ ಹತ್ತಿರದ ಎಆರ್‌ಟಿ ಕೇಂದ್ರ ಬಿಟ್ಟು ದೂರದ ಊರಿಗೆ ಹೋಗೋರಿದ್ದಾರೆ. ಬಸ್ ಚಾರ್ಜು, ಒಂದು ದಿನದ ಕೂಲಿ ಎರಡೂ ಹೋಗುತ್ತೆ. ಕೆಲಸ ಹುಡುಕಿ ವಲಸೆ ಹೋದವರಿಗೆ ಮುಂದಿನ ತಿಂಗಳ ಮಾತ್ರೆ ತರೋದೇ ಕಷ್ಟ. ಖಿನ್ನತೆ, ಕುಡಿತ ಬೇರೆ. ಕೆಲವು ಸಲ ಮಾತ್ರೆಯೇ ಇರಲ್ಲ: 2022ರಲ್ಲಿ ಔಷಧಿ ಕೊರತೆ ವಿರುದ್ಧ ಎಚ್‌ಐವಿ ಇರುವವರು ದೆಹಲಿಯ ನ್ಯಾಕೋ, ಅಂದ್ರೆ ರಾಷ್ಟ್ರೀಯ ಏಡ್ಸ್ ನಿಯಂತ್ರಣ ಸಂಸ್ಥೆಯ ಕಚೇರಿ ಮುಂದೆ ಧರಣಿ ಕೂರಬೇಕಾಯ್ತು.

ಇದರಲ್ಲಿ ಪಣಕ್ಕಿರೋದು ಜೀವ. ಮಾತ್ರೆ ಬಿಟ್ಟರೆ ವೈರಸ್ ಮತ್ತೆ ಹೆಚ್ಚುತ್ತೆ. ಮತ್ತೆ ಮತ್ತೆ ತಪ್ಪಿದರೆ ಅದೇ ಔಷಧಿಗೆ ಬಗ್ಗದ ಹಾಗಾಗಬಹುದು. ತಪ್ಪದೆ ತಗೊಂಡು ವೈರಸ್ ಪರೀಕ್ಷೆಯಲ್ಲಿ ಕಾಣದಷ್ಟು ಇಳಿದು ಹಾಗೇ ಉಳಿದರೆ, ಲೈಂಗಿಕ ಸಂಪರ್ಕದಿಂದ ಸಂಗಾತಿಗೆ ಹರಡೋದಿಲ್ಲ.

2018ರ ಸೆಪ್ಟೆಂಬರ್‌ನಲ್ಲಿ ಜಾರಿಗೆ ಬಂದ ಎಚ್‌ಐವಿ-ಏಡ್ಸ್ ಕಾಯ್ದೆಯ ಪ್ರಕಾರ ಸೋಂಕಿನ ಕಾರಣಕ್ಕೆ ಕೆಲಸದಿಂದ ತೆಗೆಯೋದು, ಚಿಕಿತ್ಸೆ ನಿರಾಕರಿಸೋದು ನಿಷಿದ್ಧ. ಆದರೆ ಅಡುಗೆಮನೆಯ ಕಪಾಟಿನವರೆಗೆ ಕಾನೂನು ಬರಲ್ಲ. ಅಲ್ಲಿ ಆ ಡಬ್ಬಿಯನ್ನ ಬಚ್ಚಿಡದೆ ಇಡುವ ಹಾಗೆ ಮಾಡೋದು ಮನೆಯವರ, ಗೆಳೆಯರ ಕೆಲಸ. 'ಯಾಕೆ ತಗೊಂಡಿಲ್ಲ?' ಅನ್ನೋ ಬದಲು 'ತಗೊಳ್ಳೋಕೆ ಏನು ಅಡ್ಡ ಆಯ್ತು?' ಅಂತ ಕೇಳಿ. ನಿಮಗೋ ನಿಮ್ಮವರಿಗೋ ಮಾಹಿತಿ ಬೇಕಿದ್ದರೆ ನ್ಯಾಕೋದ ಉಚಿತ ಸಹಾಯವಾಣಿ 1097ಕ್ಕೆ ಕರೆ ಮಾಡಿ.