ವಿಮಾನದಾಗ ಹೊಗಿ ತುಂಬಿದರ

ಒಂದು ಕಾಲಕ್ಕೆ ನಮ್ಮ ಹಲಕರ್ಣಿಯವರಿಗೆ ಪ್ರಯಾಣ ಅಂದರೆ ಗಡಹಿಂಗ್ಲಜ, ಸಂಕೇಶ್ವರ, ಬೆಳಗಾವಿಯ ಬಸ್ಸು; ಭಾಳ ಆದರೆ ಮುಂಬಯಿ. ಈಗ ಹಂಗಿಲ್ಲ. ಬೆಳಗಾವಿಯ ಸಾಂಬ್ರಾದಿಂದಲೋ, ಕೊಲ್ಲಾಪುರದ ಉಜಳಾಯಿವಾಡಿಯಿಂದಲೋ, ಗೋವಾದಿಂದಲೋ ವಿಮಾನ ಹತ್ತಿದವರು ನಮ್ಮ ಸುತ್ತಮುತ್ತ ಊರುಗಳಲ್ಲೇ ಸಿಗುತ್ತಾರೆ. ನಾನೂ ಒಮ್ಮೆ ಸಾಂಬ್ರಾದಿಂದ ಬೆಂಗಳೂರಿಗೆ ಹೋದೆ. ಹೊರಡುವ ಮುಂಚೆ ಗಗನಸಖಿ ನಡುವೆ ನಿಂತು ತುರ್ತು ಬಾಗಿಲು ಎಲ್ಲಿ, ನೆಲದ ದೀಪ ಎಲ್ಲಿ ಅಂತ ಕೈಮಾಡಿ ತೋರಿಸಿದಳು. ನಾನು ಕಿಟಕಿಯಾಚೆ ನೋಡುತ್ತ ಕೂತಿದ್ದೆ. ಪಾಠ ಕೇಳದ ಹುಡುಗರನ್ನು ವರ್ಷಗಟ್ಟಲೆ ಬೈದ ನಾನೇ ಅವತ್ತು ಹಿಂದಿನ ಬೆಂಚಿನ ಹುಡುಗ ಆಗಿದ್ದೆ. ಆಕೆಯ ಆ ಮಾತುಗಳು ಎಲ್ಲಿಂದ ಬಂದವು ಅನ್ನೋದನ್ನ ಆಮೇಲೆ ಓದಿ ತಿಳಿದುಕೊಂಡೆ. ಅದನ್ನೇ ಇಲ್ಲಿ ಬರೆದಿದ್ದೇನೆ.

ಕಬ್ಬಿನ ರವದಿಗೆ ಬೆಂಕಿ ಹಚ್ಚಿದಾಗ ಗಾಳಿ ತಿರುಗಿದರೆ ನಾವು ಬದುವಿನ ಕಡೆ ಓಡುತ್ತೇವೆ. ವಿಮಾನದಲ್ಲಿ ಓಡಲಿಕ್ಕೆ ಬದು ಇಲ್ಲ. ಸೀಟಿನ ಫೋಮು, ಪ್ಲಾಸ್ಟಿಕ್ಕು, ತಂತಿಯ ಹೊದಿಕೆ ಉರಿದರೆ ಹುಟ್ಟುವ ಹೊಗೆಯಲ್ಲಿ ಕಾರ್ಬನ್ ಮೊನಾಕ್ಸೈಡ್‌ನಂಥ ವಿಷಾನಿಲ ಇರುತ್ತದೆ. ಬೆಂಕಿ ಮೈಗೆ ತಾಗುವ ಮುಂಚೆಯೇ ಮನುಷ್ಯ ಎಚ್ಚರ ತಪ್ಪಿ ಬೀಳುತ್ತಾನೆ.

1973ರ ಜುಲೈ 11ರಂದು ಬ್ರೆಜಿಲ್ ದೇಶದ ವರಿಗ್ ಕಂಪನಿಯ ವಿಮಾನ ಪ್ಯಾರಿಸ್ಸಿನ ಓರ್ಲಿ ನಿಲ್ದಾಣಕ್ಕೆ ಸಮೀಪ ಬಂದಿತ್ತು. ಹಿಂದಿನ ಶೌಚಾಲಯದಲ್ಲಿ ಬೆಂಕಿ ಹತ್ತಿತು. ಹೊಗೆ ಎಷ್ಟು ದಟ್ಟವಾಯಿತೆಂದರೆ ಪೈಲಟ್‌ಗಳು ತಮ್ಮ ಪಕ್ಕದ ಕಿಟಕಿ ತೆರೆದು ಹೊರಗೆ ನೋಡುತ್ತ, ನಿಲ್ದಾಣಕ್ಕೆ ಸುಮಾರು 5 ಕಿಲೋಮೀಟರ್ ಇರುವಾಗಲೇ ಉಳ್ಳಾಗಡ್ಡಿಯ ಹೊಲದಲ್ಲಿ ವಿಮಾನ ಇಳಿಸಿದರು. ಒಳಗಿದ್ದ 134 ಮಂದಿಯಲ್ಲಿ 123 ಮಂದಿ ಸತ್ತರು. ಹೆಚ್ಚಿನವರನ್ನು ಕೊಂದದ್ದು ಹೊಗೆ. ಶೌಚಾಲಯದ ಕಸದ ಡಬ್ಬಿಗೆ ಯಾರೋ ಎಸೆದ ಸಿಗರೇಟಿನ ತುಂಡಿನ ಮೇಲೆ ಅನುಮಾನ ಬಂತು. ಶೌಚಾಲಯದಲ್ಲಿ ಸೇದಬಾರದು ಅನ್ನೋ ಫಲಕ ಕಡ್ಡಾಯವಾದದ್ದು ಇದರ ನಂತರವೇ. ವಿಮಾನದಲ್ಲಿ ಸೇದುವುದೇ ನಿಷೇಧ ಇದ್ದರೂ ಶೌಚಾಲಯದ ಬಾಗಿಲ ಹತ್ತಿರ ಬೂದಿ ತಟ್ಟೆ ಈಗಲೂ ಇರುತ್ತದೆ. ನಿಯಮ ಮುರಿದವನು ತುಂಡನ್ನು ಕಸದ ಡಬ್ಬಿಗೆ ಹಾಕದಿರಲಿ ಅಂತ.

ಇನ್ನೂ ದೊಡ್ಡ ದುರಂತ ಆದದ್ದು 1980ರ ಆಗಸ್ಟ್ 19ರಂದು, ಸೌದಿ ಅರೇಬಿಯಾದ ರಿಯಾದ್‌ನಲ್ಲಿ. ಕರಾಚಿಯಿಂದ ಬಂದ ಸೌದಿಯಾ ವಿಮಾನ ರಿಯಾದ್‌ನಿಂದ ಜೆಡ್ಡಾಕ್ಕೆ ಹೊರಟಿತು. ಏರಿದ ಏಳು ನಿಮಿಷಕ್ಕೆ ಹಿಂದಿನ ಸಾಮಾನು ಕೋಣೆಯಲ್ಲಿ ಹೊಗೆ ಅಂತ ಎಚ್ಚರಿಕೆ ಬಂತು. ಪೈಲಟ್‌ಗಳು ಅದು ಖರೆ ಹೌದೋ ಅಲ್ಲೋ ನೋಡುವುದರಲ್ಲಿ ಕೆಲವು ನಿಮಿಷ ಕಳೆದರು. ಆಮೇಲೆ ತಿರುಗಿ ಬಂದು ವಿಮಾನವನ್ನು ಸುರಕ್ಷಿತವಾಗಿ ನೆಲಕ್ಕೆ ಇಳಿಸಿದರು. ಇಷ್ಟಾದ ಮೇಲೆ ಎಲ್ಲರೂ ಉಳಿಯಬೇಕಿತ್ತು, ಅಲ್ಲೇನ್ರಿ? ಒಬ್ಬರೂ ಉಳಿಯಲಿಲ್ಲ. ವಿಮಾನ ಕೂಡಲೇ ನಿಲ್ಲದೆ ಓಡುದಾರಿಯ ಕೊನೆಯವರೆಗೆ ಹೋಗಿ ಪಕ್ಕದ ದಾರಿಗೆ ತಿರುಗಿತು. ನಿಂತ ಮೇಲೂ ಮೂರು ನಿಮಿಷಕ್ಕಿಂತ ಹೆಚ್ಚು ಹೊತ್ತು ಎಂಜಿನ್ ಓಡುತ್ತಲೇ ಇದ್ದವು. ಹೀಗಾಗಿ ಹೊರಗಿನವರು ಹತ್ತಿರ ಹೋಗುವಂತಿರಲಿಲ್ಲ. ಒಳಗಿನಿಂದ ಯಾರೂ ಬಾಗಿಲು ತೆಗೆಯಲಿಲ್ಲ. ಎಂಜಿನ್ ನಿಂತು ಸುಮಾರು 23 ನಿಮಿಷದ ಮೇಲೆ ಹೊರಗಿನವರು ಬಾಗಿಲು ತೆರೆದರು. 301 ಜೀವ ನೆಲದ ಮೇಲೆ, ಬಾಗಿಲ ಒಳಗೇ ಹೋದವು.

1983ರ ಜೂನ್ 2ರಂದು ಏರ್ ಕೆನಡಾ ವಿಮಾನದ ಶೌಚಾಲಯದಲ್ಲಿ ಬೆಂಕಿ ಕಾಣಿಸಿತು. ಸಿಬ್ಬಂದಿ ಪ್ರಯಾಣಿಕರನ್ನು ಮುಂದಕ್ಕೆ ಕೂರಿಸಿ, ಮೂಗಿಗೆ ಹಿಡಿಯಲು ಒದ್ದೆ ಟವೆಲ್ ಹಂಚಿದರು. ಪೈಲಟ್ ಅಮೆರಿಕದ ಸಿನ್ಸಿನಾಟಿಯಲ್ಲಿ ಇಳಿಸಿದ. ಬಾಗಿಲು ತೆರೆದು ಒಂದೂವರೆ ನಿಮಿಷದೊಳಗೆ, ಹೊರಗಿನ ಗಾಳಿ ಸಿಕ್ಕ ಬೆಂಕಿ ಒಮ್ಮೆಲೇ ಭುಗಿಲೆದ್ದಿತು. 46 ಮಂದಿಯಲ್ಲಿ 23 ಮಂದಿ ಮಾತ್ರ ಹೊರಬಂದರು. ಹೊಗೆ ಮೇಲಕ್ಕೆ ಏರಿ ಚಾವಣಿಯ ದೀಪ ಮುಚ್ಚುತ್ತದೆ; ಅದಕ್ಕೇ ಆಮೇಲೆ ನೆಲದ ಮಟ್ಟದಲ್ಲಿ ದಾರಿದೀಪ ಬಂದವು. ಶೌಚಾಲಯಕ್ಕೆ ಹೊಗೆ ಪತ್ತೆ ಯಂತ್ರ, ಸೀಟಿಗೆ ಬೆಂಕಿ ತಡೆಯುವ ಹೊದಿಕೆ ಬಂದವು.

1998ರ ಸೆಪ್ಟೆಂಬರ್ 2ರಂದು ಸ್ವಿಸ್‌ಏರ್ ವಿಮಾನ ಕೆನಡಾದ ಸಮುದ್ರಕ್ಕೆ ಬಿತ್ತು. ಮೊದಲ ವಾಸನೆ ಬಂದು ಸುಮಾರು 20 ನಿಮಿಷದಲ್ಲಿ 229 ಮಂದಿ ಹೋದರು. ಹೊಗೆಯ ಮೂಲ ಹುಡುಕುತ್ತ ಕೂಡಬಾರದು, ಮೊದಲು ಇಳಿಯುವ ಜಾಗ ನೋಡಬೇಕು ಅನ್ನೋ ಪಾಠ ಪೈಲಟ್‌ಗಳಿಗೆ ಗಟ್ಟಿಯಾದದ್ದು ಇದರಿಂದ.

ಈ ಪಾಠ ನಮ್ಮ ಕಡೆಯೂ ಕೆಲಸಕ್ಕೆ ಬಂದಿದೆ. ಬಹುತೇಕ ವಿಮಾನಗಳಲ್ಲಿ ನಾವು ಉಸಿರಾಡುವ ಗಾಳಿ ಎಂಜಿನ್‌ನಿಂದಲೇ ಬರುತ್ತದೆ. ಅಲ್ಲಿ ಎಣ್ಣೆ ಸೋರಿದರೆ ಬೆಂಕಿ ಇಲ್ಲದೆಯೂ ಒಳಗೆ ಹೊಗೆ ತುಂಬಬಹುದು. 2022ರ ಅಕ್ಟೋಬರ್ 12ರಂದು ಗೋವಾದಿಂದ ಹೈದರಾಬಾದ್‌ಗೆ ಹೋದ ಸ್ಪೈಸ್‌ಜೆಟ್ ವಿಮಾನದಲ್ಲಿ ಹೀಗೇ ಆಯಿತು. ವಿಮಾನ ಹೈದರಾಬಾದ್‌ನಲ್ಲಿ ಇಳಿದು, ಜನ ಜೀವಂತ ಹೊರಬಂದರು. 2024ರ ಮೇ 18ರ ರಾತ್ರಿ ಬೆಂಗಳೂರಿನಿಂದ ಕೊಚ್ಚಿಗೆ ಏರಿದ ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನದ ಎಂಜಿನ್‌ನಲ್ಲಿ ಬೆಂಕಿ ಕಂಡಿತು. ಪೈಲಟ್ ತಡಮಾಡದೆ ಬೆಂಗಳೂರಿಗೇ ತಿರುಗಿಸಿದ. 179 ಪ್ರಯಾಣಿಕರು, 6 ಸಿಬ್ಬಂದಿ ಎಲ್ಲರೂ ಜಾರುಬಂಡೆಯ ಮೇಲೆ ಇಳಿದು ಉಳಿದರು. ರಿಯಾದ್‌ನಲ್ಲಿ ಆಗದೆ ಹೋದದ್ದು ಇಷ್ಟೇ.

ಹೊಸ ಮಾದರಿಯ ವಿಮಾನಕ್ಕೆ ಒಪ್ಪಿಗೆ ಸಿಗಬೇಕಾದರೆ, ಅರ್ಧ ಬಾಗಿಲು ಮುಚ್ಚಿದ್ದರೂ 90 ಸೆಕೆಂಡಿನಲ್ಲಿ ಎಲ್ಲರನ್ನೂ ಖಾಲಿ ಮಾಡಿಸಿ ತೋರಿಸಬೇಕು. ಒಬ್ಬ ಮೇಲಿನ ಬ್ಯಾಗಿಗೆ ಕೈ ಚಾಚಿದರೆ ಹಿಂದಿನ ಸಾಲೆಲ್ಲ ನಿಲ್ಲುತ್ತದೆ. 2024ರ ಜನವರಿ 2ರಂದು ಟೋಕಿಯೋದ ಹನೇದಾದಲ್ಲಿ ಉರಿಯುತ್ತಿದ್ದ ಜಪಾನ್ ಏರ್‌ಲೈನ್ಸ್ ವಿಮಾನದಿಂದ 379 ಮಂದಿಯೂ ಪಾರಾದರು. ಸಾಮಾನು ಒಳಗೇ ಬಿಟ್ಟು ಬಂದದ್ದು ಅದಕ್ಕೆ ದೊಡ್ಡ ಕಾರಣ.

ಗುರುಗಳು ಶಾಲೆಯಲ್ಲಿ ಮಕ್ಕಳಿಗೆ ಇಷ್ಟನ್ನು ಹೇಳಿದರೆ ಸಾಕು: ಹೊಗೆ ಬಂದರೆ ತಲೆ ಬಗ್ಗಿಸು, ಮೂಗಿಗೆ ಒದ್ದೆ ಬಟ್ಟೆ ಹಿಡಿ, ಸಿಬ್ಬಂದಿ ಹೇಳಿದಂತೆ ನಡಿ, ಬ್ಯಾಗು ಬಿಡು. ಬಸ್ಸಿಗೂ ಮನೆಗೂ ಈ ಮಾತು ಹೊಂದುತ್ತದೆ. ಇನ್ನೊಮ್ಮೆ ಸಾಂಬ್ರಾದಲ್ಲಿ ವಿಮಾನ ಹತ್ತಿದರೆ ನಾನು ಕಿಟಕಿ ಆಮೇಲೆ ನೋಡುತ್ತೇನೆ. ನನ್ನ ಸೀಟಿನಿಂದ ಬಾಗಿಲಿಗೆ ಎಷ್ಟು ಸಾಲು ಅಂತ ಮೊದಲು ಎಣಿಸುತ್ತೇನೆ.